ಕಮಾಲ್ ಹಲಗೆಯಿಂದ ಟ್ರಾನ್ಸ್‌ಪಾಂಡರ್‌ವರೆಗೆ: ನಮ್ಮ ಕಡಲ ದಾರಿ, ನಮ್ಮ ಡೀಸೆಲ್ ಲೆಕ್ಕ

ಕಡಲನ್ನು ಬಿಟ್ಟು ಬ್ಯಾರಿಗಳ ಚರಿತ್ರೆ ಬರೆಯಲು ಸಾಧ್ಯವಿಲ್ಲ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ ಇಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದು, ಕರಿಮೆಣಸು ಮತ್ತು ಶುಂಠಿ ಧಾರಾಳವಾಗಿತ್ತೆಂದು ಬರೆದಿದ್ದಾನೆ. ಅಂದು ಕಡಲಿಗಿಳಿದವರಿಗಿದ್ದ ಎರಡು ಪ್ರಶ್ನೆಗಳು ಇಂದಿಗೂ ಹಾಗೇ ಇವೆ: ನಾವೀಗ ಎಲ್ಲಿದ್ದೇವೆ? ಕೈಯಲ್ಲಿರುವುದು ಮುಗಿಯುವ ಮೊದಲು ದಡ ಸೇರುತ್ತೇವೆಯೇ?

ಮೊದಲ ಪ್ರಶ್ನೆಗೆ ಅರಬಿ ನಾವಿಕರ ಉತ್ತರ ಕಮಾಲ್ ಎಂಬ ಪುಟ್ಟ ಹಲಗೆ. ಅದಕ್ಕೆ ಕಟ್ಟಿದ ಗಂಟಿನ ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಗಿನ ಅಂಚನ್ನು ಬಾನಂಚಿಗೂ ಮೇಲಿನ ಅಂಚನ್ನು ಧ್ರುವ ನಕ್ಷತ್ರಕ್ಕೂ ಹೊಂದಿಸಿದರೆ ಎಷ್ಟು ಉತ್ತರದಲ್ಲಿದ್ದೇವೆಂದು ತಿಳಿಯುತ್ತಿತ್ತು. ಇಂದಿನ ಲೆಕ್ಕದಲ್ಲಿ ಧ್ರುವ ನಕ್ಷತ್ರ ಮಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಮಾಲ್ವಣದಲ್ಲಿ ಸುಮಾರು 16 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ದಡದಿಂದ ಎಷ್ಟು ದೂರ ಎಂಬುದನ್ನು ಮಾತ್ರ ಅದು ಹೇಳುತ್ತಿರಲಿಲ್ಲ. ಅದಕ್ಕೆ ಸೀಸದ ಗುಂಡು ಇಳಿಸಿ ಆಳ ನೋಡಬೇಕು, ಗಾಳಿ ಮತ್ತು ನೀರಿನ ಬಣ್ಣ ಗುರುತಿಸಬೇಕು. 1956ರವರೆಗೆ ಅಮೀನ್‌ದಿವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರು ಬಂದರಿಗೂ ಆ ದ್ವೀಪಗಳಿಗೂ ನಡುವೆ ಮಂಜಿಗಳು ಓಡಾಡುತ್ತಿದ್ದುದು ಇಂಥ ತಿಳಿವಳಿಕೆಯ ಬಲದಿಂದಲೇ.

ಎರಡನೇ ಪ್ರಶ್ನೆ ಡೀಸೆಲಿನ ಪ್ರಶ್ನೆಯಾದದ್ದು ಎಂಜಿನ್ ಬಂದ ಮೇಲೆ. 1952ರ ಒಪ್ಪಂದದಂತೆ ಕೇರಳದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ ಮುಂದೆ ಕಾರವಾರಕ್ಕೂ ಬಂತು. ಟ್ರಾಲ್ ಬೋಟ್, ಪರ್ಸೀನ್ ಬೋಟ್‌ಗಳು ನಮ್ಮ ಕರಾವಳಿಯಲ್ಲಿ ಹೆಚ್ಚಿದವು. ಹಾಯಿಗೆ ಗಾಳಿ ಪುಕ್ಕಟೆ, ಎಂಜಿನ್‌ಗೆ ಪ್ರತಿ ಗಂಟೆಗೂ ಹಣ. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಡೀಸೆಲ್ ದರದ ನಿಯಂತ್ರಣ ಬಿಟ್ಟ ಬಳಿಕ ಈ ಲೆಕ್ಕ ಇನ್ನಷ್ಟು ಬಿಗಿಯಾಯಿತು.

ಟ್ಯಾಂಕಿಗೆ ಕೋಲು ಇಳಿಸಿ ನೋಡುವುದು ಹಳೆಯ ಕ್ರಮ. ಬೋಟ್ ಹೊಯ್ದಾಡುವಾಗ ಅದು ಸರಿಯಾದ ಲೆಕ್ಕ ಕೊಡುವುದಿಲ್ಲ. ಫ್ಲೋ ಮೀಟರ್ ಕೊಳ್ಳುವವರೂ ಒಂದು ವಿಷಯ ಗಮನಿಸಬೇಕು. ಡೀಸೆಲ್ ಎಂಜಿನ್ ತಾನು ಉರಿಸುವುದಕ್ಕಿಂತ ಹೆಚ್ಚು ಎಣ್ಣೆ ಎಳೆದುಕೊಂಡು ಉಳಿದದ್ದನ್ನು ಟ್ಯಾಂಕಿಗೆ ಹಿಂದಿರುಗಿಸುತ್ತದೆ. ಹೋಗುವ ಪೈಪಿಗೂ ಮರಳುವ ಪೈಪಿಗೂ ಮೀಟರ್ ಇದ್ದು, ಎರಡರ ವ್ಯತ್ಯಾಸ ತೋರಿಸಿದರೆ ಮಾತ್ರ ನಿಜವಾದ ಖರ್ಚು ತಿಳಿಯುತ್ತದೆ. ಎಂಜಿನ್‌ಗೆ ಬೇಕಾದ ಶಕ್ತಿ ಸುಮಾರಾಗಿ ವೇಗದ ಘನದಂತೆ ಏರುತ್ತದೆ. ಓಟದ ವೇಗವನ್ನು 10 ಶೇಕಡ ಇಳಿಸಿದರೆ ಅಷ್ಟೇ ದೂರಕ್ಕೆ ಹತ್ತಿರ ಹತ್ತಿರ ಐದನೇ ಒಂದು ಭಾಗ ಡೀಸೆಲ್ ಉಳಿಯಬಹುದು. ಮೀಟರಿನ ಬೆಲೆ ಹಿಂದಿರುಗುವುದು ತಾಂಡೇಲ ಅದನ್ನು ನೋಡಿ ವೇಗ ಇಳಿಸಿದಾಗ.

ದಾರಿಯ ವಿಷಯದಲ್ಲಿ ದೊಡ್ಡ ಬದಲಾವಣೆ ತಂದದ್ದು ಜಿಪಿಎಸ್. 1995ರಲ್ಲಿ ಅದು ಪೂರ್ಣವಾಗಿ ಸಜ್ಜಾಯಿತು. 2000ದ ಮೇ ತಿಂಗಳಲ್ಲಿ ಅಮೆರಿಕ ಸಾರ್ವಜನಿಕ ಸಂಕೇತಕ್ಕೆ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ತೆಗೆದುಹಾಕಿತು. ಮೀನು ಸಿಕ್ಕ ಜಾಗಕ್ಕೆ, ಬಲೆ ಹರಿದ ಬಂಡೆಗೆ ಗುರುತು ಹಾಕಿಡುವುದು ಸುಲಭವಾಯಿತು. ಆದರೆ ಜಿಪಿಎಸ್ ನಮಗೆ ನಮ್ಮ ಜಾಗ ಹೇಳುತ್ತದೆ, ದಡದಲ್ಲಿರುವವರಿಗೆ ಹೇಳುವುದಿಲ್ಲ.

ಈ ವ್ಯತ್ಯಾಸದ ಬೆಲೆ ಎಷ್ಟೆಂದು ಕರಾವಳಿಗೆ ಗೊತ್ತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಒಂದೆರಡು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಉಡುಪಿ ಮತ್ತು ಉತ್ತರ ಕನ್ನಡದ ಆ ಮನೆಗಳವರು ತಿಂಗಳುಗಟ್ಟಲೆ ಕಾದರು. 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಾಲ್ವಣದಾಚೆ ಕಡಲ ತಳದಲ್ಲಿ ಬೋಟಿನ ಅವಶೇಷ ಪತ್ತೆಹಚ್ಚಿತು. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದಿಂದ ಆಜರಾ, ಆಂಬೋಲಿ ಘಾಟಿ ಇಳಿದರೆ ಸಿಗುವ ಕರಾವಳಿ ಅದು. ನಮ್ಮ ಬೋಟ್‌ಗಳು ಮೀನಿನ ಬೆನ್ನು ಹತ್ತಿ ಅಷ್ಟು ದೂರ ಹೋಗುತ್ತವೆ, ಮೊಬೈಲ್ ಸಿಗ್ನಲ್ ಅಷ್ಟು ದೂರ ಬರುವುದಿಲ್ಲ.

2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಮೀನುಗಾರಿಕೆ ಬೋಟ್‌ಗಳ ಸಂಪರ್ಕ ಯೋಜನೆಗೆ ಚಾಲನೆ ಸಿಕ್ಕಿತು. ಒಂದು ಲಕ್ಷ ಬೋಟ್‌ಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಕೊಡುವ ಯೋಜನೆಯಿದು. ಉಪಗ್ರಹದ ಮೂಲಕ ಎರಡೂ ಕಡೆಗೆ ಸಂದೇಶ ಹೋಗುತ್ತದೆ. ಹವಾಮಾನದ ಎಚ್ಚರಿಕೆ ಬೋಟಿಗೆ ಬರುತ್ತದೆ, ಅಪಾಯದ ಕರೆ ದಡಕ್ಕೆ ತಲುಪುತ್ತದೆ.

ಜೂನ್, ಜುಲೈಯ ರಜೆಯಲ್ಲಿ ಬೋಟ್ ರಿಪೇರಿಗೆ ನಿಂತಾಗ ಯಂತ್ರ ಕೊಳ್ಳುವ ಮಾತು ಬರುತ್ತದೆ. ಆಗ ಮೊದಲು ನೋಡಬೇಕಾದದ್ದು ಜೀವ ಕಾಯುವ ಸಾಧನ: ಟ್ರಾನ್ಸ್‌ಪಾಂಡರ್ ಮತ್ತು ವಿಎಚ್‌ಎಫ್ ವಾಯರ್‌ಲೆಸ್. ಆಮೇಲೆ ಜಿಪಿಎಸ್ ಪ್ಲಾಟರ್, ಎಕೋ ಸೌಂಡರ್. ಡೀಸೆಲ್ ಮೀಟರ್ ಅದರ ನಂತರ. ಮೀಟರ್ ಉಳಿಸಿಕೊಡುವ ಹಣ ಮುಂದಿನ ಋತುವಿನಲ್ಲೂ ಸಿಗುತ್ತದೆ. ಮರಳಿ ಬಾರದ ಬೋಟಿಗೆ ಮುಂದಿನ ಋತು ಇರುವುದಿಲ್ಲ.