ಹಸಿರು ಚಹಾ: ಆರೋಗ್ಯಕ್ಕೆಷ್ಟು, ತ್ವಚೆಗೆಷ್ಟು?

ಮುಂಬಯಿಯ ತರಕಾರಿ ಮಾರುಕಟ್ಟೆಗಳಲ್ಲಿ ಶುಂಠಿ, ಪುದೀನಗಳ ಜೊತೆಗೆ ಕಟ್ಟು ಕಟ್ಟಿ ಮಾರುವ ಉದ್ದನೆಯ ಹಸಿರು ಎಲೆಯನ್ನು ಮರಾಠಿಯವರು ‘ಗವತಿ ಚಹಾ’ ಎನ್ನುತ್ತಾರೆ. ಗುಜರಾತಿ ನೆರೆಹೊರೆಯವರಿಗೆ ಅದು ‘ಲೀಲಿ ಚಾ’, ಅಂದರೆ ಅಕ್ಷರಶಃ ಹಸಿರು ಚಹಾ. ನಮ್ಮವರು ಮಜ್ಜಿಗೆ ಹುಲ್ಲು ಎಂದು ಕರೆಯುವ ಆ ಸಸ್ಯ ಪರಿಮಳಕ್ಕೆ ಒಳ್ಳೆಯದೇ ಹೌದು. ಆದರೆ ಅದಕ್ಕೂ ಈ ಲೇಖನದ ವಿಷಯವಾದ ಹಸಿರು ಚಹಾಕ್ಕೂ ಯಾವ ಸಂಬಂಧವೂ ಇಲ್ಲ. ಹೆಸರಿನ ಈ ಗೊಂದಲದಿಂದಾಗಿ ಮಜ್ಜಿಗೆ ಹುಲ್ಲಿನ ಕಷಾಯ ಕುಡಿಯುತ್ತಾ ಹಸಿರು ಚಹಾದ ಗುಣಗಳನ್ನು ನಿರೀಕ್ಷಿಸುವವರು ಈ ಮಹಾನಗರದಲ್ಲಿ ಕಡಿಮೆಯೇನಲ್ಲ. ಆದ್ದರಿಂದ ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳುವುದು ಉಚಿತ.

ಒಂದೇ ಗಿಡ, ಹಲವು ಚಹಾ

ನಾವು ದಿನನಿತ್ಯ ಹಾಲು, ಸಕ್ಕರೆ ಬೆರೆಸಿ ಕುಡಿಯುವ ಚಹಾವೂ ಹಸಿರು ಚಹಾವೂ ‘ಕಮೇಲಿಯಾ ಸೈನೆನ್ಸಿಸ್’ ಎಂಬ ಒಂದೇ ಗಿಡದ ಎಲೆಗಳಿಂದ ತಯಾರಾಗುತ್ತವೆ. ವ್ಯತ್ಯಾಸವಿರುವುದು ಕೊಯ್ಲಿನ ನಂತರದ ಸಂಸ್ಕರಣೆಯಲ್ಲಿ. ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುವುದನ್ನು ಗೃಹಿಣಿಯರೆಲ್ಲ ಬಲ್ಲರು. ಚಹಾದ ಎಲೆಯನ್ನು ಹೊಸೆದಾಗಲೂ ನಡೆಯುವುದು ಅದೇ ಕ್ರಿಯೆ: ಎಲೆಯೊಳಗಿನ ಕಿಣ್ವವು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಎಲೆಯ ಪಾಲಿಫಿನಾಲ್‌ಗಳನ್ನು ಮಾರ್ಪಡಿಸುತ್ತದೆ, ಬಣ್ಣ ಕಂದಾಗುತ್ತದೆ, ನಮಗೆ ಪರಿಚಿತವಾದ ಕಡು ರುಚಿ ಬರುತ್ತದೆ. ಹಸಿರು ಚಹಾದಲ್ಲಿ ಈ ಕ್ರಿಯೆಗೆ ಅವಕಾಶವನ್ನೇ ಕೊಡುವುದಿಲ್ಲ. ಕೊಯ್ದ ಎಲೆಗೆ ಬೇಗನೆ ಶಾಖ ಕೊಟ್ಟು ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತಾರೆ. ಚೀನೀಯರು ಸಾಮಾನ್ಯವಾಗಿ ಬಾಣಲೆಯಲ್ಲಿ ಹುರಿದು, ಜಪಾನೀಯರು ಹಬೆಯಲ್ಲಿ ಬೇಯಿಸಿ ಇದನ್ನು ಸಾಧಿಸುತ್ತಾರೆ. ಹೀಗಾಗಿ ಎಲೆಯ ಮೂಲ ಸತ್ತ್ವಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ.

ಚೀನಾದ ಲು ಯು ಎಂಟನೆಯ ಶತಮಾನದಲ್ಲೇ ಚಹಾದ ಬಗೆಗೆ ಶಾಸ್ತ್ರಗ್ರಂಥವನ್ನು ರಚಿಸಿದ್ದನು. ಜಪಾನಿನ ಬೌದ್ಧ ಭಿಕ್ಷು ಐಸೈ 1191ರಲ್ಲಿ ಚೀನಾದಿಂದ ಮರಳುವಾಗ ಚಹಾ ಬೀಜಗಳನ್ನು ತಂದು, 1211ರಲ್ಲಿ ಚಹಾ ಸೇವನೆಯಿಂದ ಆರೋಗ್ಯರಕ್ಷಣೆ ಎಂಬ ವಿಷಯದ ಮೇಲೆಯೇ ಒಂದು ಪುಸ್ತಕ ಬರೆದನು. ಹಸಿರು ಚಹಾ ಭಾರತಕ್ಕೆ ಮೊನ್ನೆ ಮೊನ್ನೆ ಬಂದ ಫ್ಯಾಷನ್ ಎಂಬ ಭಾವನೆಯೂ ಪೂರ್ತಿ ಸರಿಯಲ್ಲ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1849ರಿಂದಲೂ ಚಹಾ ಬೆಳೆಯಲಾಗುತ್ತಿದ್ದು, ಅಲ್ಲಿನ ಹಸಿರು ಚಹಾ ಕಾಬೂಲ್ ಹಾಗೂ ಮಧ್ಯ ಏಷ್ಯಾದವರೆಗೆ ಹೋಗುತ್ತಿತ್ತು. 1905ರ ಏಪ್ರಿಲ್ 4ರ ಭೀಕರ ಭೂಕಂಪ ಆ ತೋಟಗಳನ್ನೂ ಉದ್ಯಮವನ್ನೂ ನೆಲಸಮ ಮಾಡಿತು. ಕಾಶ್ಮೀರದ ಕಹ್ವಾ ಕೂಡ ಏಲಕ್ಕಿ, ದಾಲ್ಚಿನ್ನಿ, ಕೇಸರಿ ಸೇರಿಸಿದ ಹಸಿರು ಚಹಾವೇ. ಕಾಫಿಯ ಸೀಮೆಯಾದ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕೆಳಗೂರಿನಂಥ ಚಹಾ ತೋಟವಿದೆ ಎಂಬುದು ಊರಿನ ನಂಟಿನ ಕಾರಣಕ್ಕೆ ಇಲ್ಲಿ ಒಂದು ಮಾತು.

ಎಲೆಯೊಳಗೆ ಏನಿದೆ?

ಹಸಿರು ಚಹಾದ ಕೀರ್ತಿಗೆ ಮುಖ್ಯ ಕಾರಣ ‘ಕ್ಯಾಟೆಚಿನ್’ ಎಂಬ ಪಾಲಿಫಿನಾಲ್ ಗುಂಪು. 1929ರಲ್ಲಿ ಹಸಿರು ಚಹಾದಿಂದ ಇದನ್ನು ಬೇರ್ಪಡಿಸಿದವರು ಜಪಾನಿನ ವಿಜ್ಞಾನಿ ಮಿಚಿಯೋ ತ್ಸುಜಿಮುರಾ. ವಿಶ್ವವಿದ್ಯಾಲಯಗಳು ಮಹಿಳೆಯರಿಗೆ ಸುಲಭವಾಗಿ ಬಾಗಿಲು ತೆರೆಯದಿದ್ದ ಆ ಕಾಲದಲ್ಲಿ ದುಡಿದು, 1932ರಲ್ಲಿ ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಜಪಾನಿನ ಮೊದಲ ಮಹಿಳೆ ಆಕೆ. ಕ್ಯಾಟೆಚಿನ್‌ಗಳ ಪೈಕಿ ಇಜಿಸಿಜಿ ಎಂಬ ಸಂಕ್ಷಿಪ್ತ ನಾಮದ ವಸ್ತುವೇ ಪ್ರಮಾಣದಲ್ಲೂ ಪರಿಣಾಮದಲ್ಲೂ ಪ್ರಧಾನ. ಇವು ಉತ್ಕರ್ಷಣ ನಿರೋಧಕಗಳು. ಅಂದರೆ ಜೀವಕೋಶಗಳಿಗೆ ಹಾನಿ ಮಾಡಬಲ್ಲ ಚಂಚಲ ಅಣುಗಳನ್ನು ತಣಿಸುವ ಗುಣವುಳ್ಳವು.

ಇದರೊಂದಿಗೆ 1949ರಲ್ಲಿ ಪತ್ತೆಯಾದ ‘ಥಿಯನಿನ್’ ಎಂಬ ಅಮೈನೋ ಆಮ್ಲವೂ ಕೆಫೀನೂ ಇವೆ. ಒಂದು ದೊಡ್ಡ ಬಟ್ಟಲು, ಅಂದರೆ ಸುಮಾರು 240 ಮಿಲಿಲೀಟರ್ ಹಸಿರು ಚಹಾದಲ್ಲಿ ಅಂದಾಜು 30 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅಷ್ಟೇ ಪ್ರಮಾಣದ ಕಾಫಿಯಲ್ಲಿ ಇದರ ಮೂರು ಪಟ್ಟು. ‘ಹಸಿರು ಚಹಾದಲ್ಲಿ ಕೆಫೀನೇ ಇಲ್ಲ’ ಎಂದು ನಂಬಿ ರಾತ್ರಿ ಊಟದ ಬಳಿಕ ಕುಡಿದು ನಿದ್ರೆ ಬಾರದೆ ಹೊರಳಾಡುವವರು ಇದನ್ನು ಗಮನಿಸಬೇಕು.

ಆರೋಗ್ಯದ ಲೆಕ್ಕ

ಹಸಿರು ಚಹಾದ ಪರವಾಗಿ ಹೆಚ್ಚಾಗಿ ಉಲ್ಲೇಖಿಸಲ್ಪಡುವುದು ಜಪಾನಿನ ಮಿಯಾಗಿ ಪ್ರಾಂತದ ಓಸಾಕಿ ಅಧ್ಯಯನ. 40ರಿಂದ 79 ವರ್ಷದ 40,530 ಮಂದಿಯನ್ನು ಸುಮಾರು 11 ವರ್ಷಗಳವರೆಗೆ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ದಿನಕ್ಕೆ ಒಂದು ಬಟ್ಟಲಿಗಿಂತ ಕಡಿಮೆ ಕುಡಿಯುವವರಿಗೆ ಹೋಲಿಸಿದರೆ ಐದು ಅಥವಾ ಹೆಚ್ಚು ಬಟ್ಟಲು ಕುಡಿಯುವವರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಮರಣ ಪುರುಷರಲ್ಲಿ ಶೇ. 22ರಷ್ಟು, ಮಹಿಳೆಯರಲ್ಲಿ ಶೇ. 31ರಷ್ಟು ಕಡಿಮೆಯಿತ್ತು. ಕ್ಯಾನ್ಸರ್‌ನಿಂದಾದ ಮರಣದಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಜಾಹೀರಾತುಗಳು ಮೊದಲ ವಾಕ್ಯವನ್ನು ದೊಡ್ಡಕ್ಷರಗಳಲ್ಲಿ ಮುದ್ರಿಸಿ ಎರಡನೆಯದನ್ನು ಬಿಟ್ಟುಬಿಡುತ್ತವೆ. ಜೊತೆಗೆ, ಇದು ಜನರ ಬದುಕನ್ನು ಗಮನಿಸಿ ಮಾಡಿದ ಅಧ್ಯಯನವೇ ಹೊರತು ಒಂದು ಗುಂಪಿಗೆ ಚಹಾ ಕೊಟ್ಟು ಇನ್ನೊಂದಕ್ಕೆ ಕೊಡದೆ ಮಾಡಿದ ಪ್ರಯೋಗವಲ್ಲ. ಮೀನು, ಸೋಯಾ, ಕಡಲಕಳೆ ತಿನ್ನುವ ಜಪಾನೀಯರ ಒಟ್ಟು ಜೀವನಕ್ರಮದಲ್ಲಿ ಚಹಾದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಪ್ರಯೋಗಗಳು ಹೇಳುವ ಮಾತು ಇನ್ನೂ ಸೌಮ್ಯವಾದದ್ದು. 14 ಪ್ರಯೋಗಗಳನ್ನು ಒಟ್ಟುಗೂಡಿಸಿದ 2011ರ ಒಂದು ವಿಶ್ಲೇಷಣೆಯ ಪ್ರಕಾರ ಹಸಿರು ಚಹಾದಿಂದ ಕೆಟ್ಟ ಕೊಲೆಸ್ಟರಾಲ್ (ಎಲ್‌ಡಿಎಲ್) ಸರಾಸರಿ 2.19 ಮಿಲಿಗ್ರಾಂನಷ್ಟು ಇಳಿಯುತ್ತದೆ. 160 ಇರುವವರಿಗೆ ಅದು 158 ಆದೀತು. ಇಳಿಕೆ ನಿಜ, ಆದರೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಬಿಟ್ಟು ಚಹಾವನ್ನು ನೆಚ್ಚಿಕೊಳ್ಳುವಷ್ಟು ದೊಡ್ಡದಲ್ಲ. ತೂಕ ಇಳಿಕೆಯ ವಿಷಯದಲ್ಲಂತೂ ನಿರಾಸೆಯೇ ಹೆಚ್ಚು. ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ಪರಾಮರ್ಶೆಯು, ಹಸಿರು ಚಹಾದ ಉತ್ಪನ್ನಗಳಿಂದಾಗುವ ತೂಕ ನಷ್ಟ ತೀರಾ ಅಲ್ಪ, ಆರೋಗ್ಯದ ದೃಷ್ಟಿಯಿಂದ ಗಣನೀಯವಲ್ಲ ಎಂದಿತು. ಅದೇ ಸಂಸ್ಥೆಯ 2020ರ ಪರಾಮರ್ಶೆ, ಕ್ಯಾನ್ಸರ್ ತಡೆಯುವಲ್ಲಿ ಇದರ ಪಾತ್ರದ ಬಗೆಗಿನ ಪುರಾವೆಗಳು ಪರಸ್ಪರ ಹೊಂದುವುದಿಲ್ಲ ಎಂದು ತಿಳಿಸಿತು.

ಹಾಗಾದರೆ ಲಾಭವೇ ಇಲ್ಲವೇ? ಇದೆ. ನನ್ನ ಅಭಿಪ್ರಾಯದಲ್ಲಿ ನಮ್ಮಂಥವರಿಗೆ ಅತಿ ದೊಡ್ಡ ಲಾಭ ಕ್ಯಾಟೆಚಿನ್‌ನಿಂದಲ್ಲ, ಸಕ್ಕರೆಯಿಂದ. ಅಂದರೆ ಸಕ್ಕರೆ ಇಲ್ಲದಿರುವುದರಿಂದ. ಕಚೇರಿಯಲ್ಲೂ ಮನೆಯಲ್ಲೂ ಸೇರಿ ದಿನಕ್ಕೆ ನಾಲ್ಕು ಸಲ, ಸಲಕ್ಕೆ ಎರಡು ಚಮಚ ಸಕ್ಕರೆಯ ಚಹಾ ಕುಡಿಯುವವರ ಹೊಟ್ಟೆಗೆ ಚಹಾದ ಮೂಲಕವೇ ಸುಮಾರು 30ರಿಂದ 40 ಗ್ರಾಂ ಸಕ್ಕರೆ ಸೇರುತ್ತದೆ. ಅದರಲ್ಲಿ ಎರಡು ಸಲದ್ದನ್ನು ಸಕ್ಕರೆಯಿಲ್ಲದ ಹಸಿರು ಚಹಾಕ್ಕೆ ಬದಲಾಯಿಸಿಕೊಂಡರೆ ಸಕ್ಕರೆ ಅರ್ಧಕ್ಕಿಳಿಯಿತು. ಮಧುಮೇಹದ ಭಯ ಪ್ರತಿ ಮನೆಯಲ್ಲೂ ಇರುವ ಈ ಕಾಲದಲ್ಲಿ ಇದು ಸಣ್ಣ ಲಾಭವಲ್ಲ. ಹಸಿರು ಚಹಾಕ್ಕೆ ಎರಡು ಚಮಚ ಜೇನು ಸುರಿದು ಕುಡಿಯುವವರಿಗೆ ಈ ಲಾಭವೂ ಇಲ್ಲ.

ತ್ವಚೆಯ ಆರೈಕೆ

ಸೌಂದರ್ಯವರ್ಧಕಗಳ ಅಂಗಡಿಯಲ್ಲಿ ಇಂದು ಹಸಿರು ಚಹಾದ ಹೆಸರಿಲ್ಲದ ಸಾಲೇ ಇಲ್ಲ. ಇದರ ಹಿಂದೆ ವಿಜ್ಞಾನ ಇಲ್ಲವೆಂದಲ್ಲ. 2011ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಪ್ರಯೋಗದಲ್ಲಿ 60 ಮಹಿಳೆಯರ ಪೈಕಿ ಒಂದು ಗುಂಪಿಗೆ 12 ವಾರ ದಿನವೂ 1,402 ಮಿಲಿಗ್ರಾಂ ಕ್ಯಾಟೆಚಿನ್ ಉಳ್ಳ ಹಸಿರು ಚಹಾ ಪಾನೀಯ ಕೊಡಲಾಯಿತು. ಅತಿನೇರಳೆ ಕಿರಣದಿಂದ ಚರ್ಮ ಕೆಂಪಾಗುವುದು ಅವರಲ್ಲಿ ಶೇ. 25ರಷ್ಟು ಕಡಿಮೆಯಾಯಿತು. ಆದರೆ 2015ರಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥದೇ ಪ್ರಯೋಗವನ್ನು 1,080 ಮಿಲಿಗ್ರಾಂ ಕ್ಯಾಟೆಚಿನ್ ಹಾಗೂ ವಿಟಮಿನ್ ಸಿ ಕೊಟ್ಟು ಮಾಡಿದಾಗ ಗಣನೀಯ ರಕ್ಷಣೆ ಕಂಡುಬರಲಿಲ್ಲ. 2005ರ ಇನ್ನೊಂದು ಪ್ರಯೋಗದಲ್ಲಿ 40 ಮಹಿಳೆಯರು ಎಂಟು ವಾರ ಮುಲಾಮು ಹಚ್ಚಿ ಮಾತ್ರೆಯನ್ನೂ ನುಂಗಿದರು. ಸೂಕ್ಷ್ಮದರ್ಶಕದಲ್ಲಿ ಚರ್ಮದ ಸ್ಥಿತಿಸ್ಥಾಪಕ ತಂತುಗಳು ಸುಧಾರಿಸಿದಂತೆ ತೋರಿದರೂ ಕಣ್ಣಿಗೆ ಕಾಣುವ ಸುಕ್ಕುಗಳಲ್ಲಿ ವ್ಯತ್ಯಾಸವಾಗಲಿಲ್ಲ. ಮುಖ ನೋಡಿಕೊಳ್ಳುವುದು ಕನ್ನಡಿಯಲ್ಲೇ ಹೊರತು ಸೂಕ್ಷ್ಮದರ್ಶಕದಲ್ಲಲ್ಲವಷ್ಟೆ!

ಮೊಡವೆಗಳ ವಿಷಯದಲ್ಲಿ ಆಶಾದಾಯಕ ಸೂಚನೆಗಳಿವೆ. ಕೊರಿಯಾದಲ್ಲಿ ಎಂಟು ವಾರ ಇಜಿಸಿಜಿಯ ದ್ರಾವಣ ಹಚ್ಚಿದ ಪ್ರಯೋಗವೊಂದರಲ್ಲಿ ಮೊಡವೆಗಳು ತಗ್ಗಿದುದು 2013ರಲ್ಲಿ ವರದಿಯಾಯಿತು. ಚರ್ಮದ ಚಿಕಿತ್ಸೆಯಲ್ಲಿ ಹಸಿರು ಚಹಾಕ್ಕೆ ದೊರೆತ ಗಟ್ಟಿಯಾದ ಮನ್ನಣೆ ಮಾತ್ರ ಬೇರೆಡೆ ಇದೆ. ಕೆಲವು ಬಗೆಯ ನರೂಲಿಗಳಿಗೆ ಹಚ್ಚುವ, ಶೇ. 15ರಷ್ಟು ಕ್ಯಾಟೆಚಿನ್ ಸಾರವುಳ್ಳ ಮುಲಾಮಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ಅನುಮತಿ ನೀಡಿತು. ಅದು ವೈದ್ಯರ ಚೀಟಿಯ ಮೇಲೆ ಮಾತ್ರ ಸಿಗುವ ಔಷಧ, ಅಂಗಡಿಯ ಕ್ರೀಮ್ ಅಲ್ಲ.

ಕ್ರೀಮ್‌ಗಳ ಕುರಿತು ತಿಳಿಯಬೇಕಾದ ಸಂಗತಿಯೆಂದರೆ, ಇಜಿಸಿಜಿ ಬಹುಬೇಗ ಕೆಡುವ ವಸ್ತು. ಮಾಡಿಟ್ಟ ಹಸಿರು ಚಹಾ ಕೆಲವೇ ಗಂಟೆಗಳಲ್ಲಿ ಕಂದಾಗುವುದನ್ನು ನೋಡಿದರೆ ಇದು ತಿಳಿಯುತ್ತದೆ. ಅಲ್ಲದೆ ನೀರಿನಲ್ಲಿ ಕರಗುವ ಈ ವಸ್ತು ಚರ್ಮದ ಹೊರಪದರವನ್ನು ದಾಟಿ ಒಳಗಿಳಿಯುವುದೂ ಕಷ್ಟ. ಆದ್ದರಿಂದ ಡಬ್ಬಿಯ ಮೇಲೆ ಎಲೆಯ ಚಿತ್ರವಿದ್ದ ಮಾತ್ರಕ್ಕೆ ಒಳಗೆ ಗುಣವಿದೆ ಎನ್ನಲಾಗದು.

ಮನೆಯಲ್ಲಿ ಮಾಡಿಕೊಳ್ಳಬಹುದಾದ ಸರಳ ಉಪಚಾರಗಳಿಗೆ ಅಡ್ಡಿಯಿಲ್ಲ. ತಣ್ಣಗಾದ ಚಹಾದಲ್ಲಿ ಅದ್ದಿದ ಹತ್ತಿಯನ್ನು ಮುಚ್ಚಿದ ಕಣ್ಣುಗಳ ಮೇಲೆ ಹತ್ತು ನಿಮಿಷ ಇಟ್ಟರೆ ತಂಪಿನಿಂದಲೂ ಕೆಫೀನಿನಿಂದಲೂ ಬಾವು ಸ್ವಲ್ಪ ಇಳಿದೀತು. ಬಳಸಿದ ಎಲೆಯನ್ನು ಅರೆದು ಮೊಸರು, ಕಡಲೆಹಿಟ್ಟಿನೊಂದಿಗೆ ಕಲಸಿ ಮುಖಕ್ಕೆ ಹಚ್ಚಿ ತೊಳೆದುಕೊಳ್ಳಬಹುದು. ಮೊದಲು ಮುಂಗೈಗೆ ಹಚ್ಚಿ ಒಂದು ದಿನ ಕಾದು ನೋಡುವುದು ಕ್ಷೇಮ. ಈ ಲೇಪಕ್ಕೆ ನಿಂಬೆರಸ ಸೇರಿಸುವ ಪದ್ಧತಿಯನ್ನು ಮಾತ್ರ ಬಿಡಬೇಕು. ನಿಂಬೆರಸ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂಥ ಗಾಯ, ತಿಂಗಳುಗಟ್ಟಲೆ ಉಳಿಯುವ ಕಲೆ ಆಗಬಹುದು. ಬಿಸಿಲಿನ ರಕ್ಷಣೆಗೆ ಕೊಡೆ ಮತ್ತು ಸನ್‌ಸ್ಕ್ರೀನ್‌ಗಳ ಸ್ಥಾನವನ್ನು ಯಾವ ಚಹಾವೂ ತುಂಬದು.

ತಯಾರಿಸುವ ಬಗೆ

ಹಸಿರು ಚಹಾ ಕಹಿ ಎಂದು ಮುಖ ಸಿಂಡರಿಸುವವರಲ್ಲಿ ಹೆಚ್ಚಿನವರು ಅದನ್ನು ನಮ್ಮ ಚಹಾದಂತೆ ಪಾತ್ರೆಯಲ್ಲಿ ಕುದಿಸಿದವರು. ನೀರು ಕುದಿದ ಮೇಲೆ ಒಲೆಯಿಂದ ಇಳಿಸಿ ನಾಲ್ಕೈದು ನಿಮಿಷ ಬಿಟ್ಟು, 75ರಿಂದ 80 ಡಿಗ್ರಿಗೆ ಬಂದ ನಂತರ ಬಟ್ಟಲಿಗೆ ಒಂದು ಚಿಕ್ಕ ಚಮಚದಷ್ಟು, ಅಂದರೆ ಸುಮಾರು 2 ಗ್ರಾಂ ಎಲೆಯ ಮೇಲೆ ಸುರಿಯಬೇಕು. ಎರಡು ಮೂರು ನಿಮಿಷ ಮುಚ್ಚಿಟ್ಟು ಸೋಸಿದರೆ ಆಯಿತು. ಒಳ್ಳೆಯ ಎಲೆಯನ್ನು ಎರಡನೆಯ ಬಾರಿಯೂ ಬಳಸಬಹುದು. ಹಾಲು ಬೇಡ, ಹಾಲಿನ ಪ್ರೋಟೀನು ಕ್ಯಾಟೆಚಿನ್‌ಗಳನ್ನು ಹಿಡಿದುಕೊಳ್ಳುತ್ತದೆ. ಮುಖಕ್ಕೆ ಬೇಡವೆಂದ ನಿಂಬೆರಸ ಬಟ್ಟಲಿಗೆ ಬರಬಹುದು: ಅದು ಕ್ಯಾಟೆಚಿನ್‌ಗಳು ಕೆಡದಂತೆ ಕಾಯುತ್ತದೆ ಎಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ನಾಲಗೆ ಸುಡುವಷ್ಟು ಬಿಸಿಯಾಗಿ ಕುಡಿಯಬಾರದು. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಎಚ್ಚರಿಸಿದೆ.

ಯಾರು ಎಚ್ಚರ ವಹಿಸಬೇಕು?

ಗುಣಗಳಿಗಿಂತ ಈ ಭಾಗವನ್ನು ಓದುಗರು ಹೆಚ್ಚು ಲಕ್ಷ್ಯವಿಟ್ಟು ಓದಬೇಕೆಂದು ಬಿನ್ನಹ. ಚಹಾದ ಪಾಲಿಫಿನಾಲ್‌ಗಳು ಸೊಪ್ಪು, ಬೇಳೆ, ರಾಗಿಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನತೆಯುಳ್ಳವರು. ಸಸ್ಯಾಹಾರಿ ಮನೆಯ ಹೆಣ್ಣುಮಗಳೊಬ್ಬಳು ತೆಳ್ಳಗಾಗುವ ಆಸೆಯಿಂದ ಊಟವನ್ನು ಅರ್ಧ ಮಾಡಿ, ಅದರ ಬೆನ್ನಿಗೇ ಹಸಿರು ಚಹಾ ಕುಡಿದರೆ, ತಿಂದ ಅರ್ಧದ ಕಬ್ಬಿಣಾಂಶವೂ ಪೂರ್ತಿ ದಕ್ಕುವುದಿಲ್ಲ. ಆಯಾಸ, ಕೂದಲುದುರುವಿಕೆ, ಬಿಳಿಚಿದ ಮುಖ ಇವೆಲ್ಲ ರಕ್ತಹೀನತೆಯ ಲಕ್ಷಣಗಳೇ. ಕಾಂತಿಗಾಗಿ ಕುಡಿದದ್ದು ಕಾಂತಿಯನ್ನೇ ಕಸಿಯಬಹುದು. ಊಟಕ್ಕೂ ಚಹಾಕ್ಕೂ ನಡುವೆ ಕನಿಷ್ಠ ಒಂದು ಗಂಟೆಯ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗಲೇಬಾರದು.

ಎರಡನೆಯದು, ತೂಕ ಇಳಿಸುವುದಕ್ಕೆಂದು ಮಾರುವ ಹಸಿರು ಚಹಾ ಸಾರದ ಮಾತ್ರೆಗಳು. ಎಲೆಯನ್ನು ನೆನೆಸಿ ಕುಡಿಯುವವರಿಗೆ ದಿನಕ್ಕೆ ಸಾಮಾನ್ಯವಾಗಿ 90ರಿಂದ 300 ಮಿಲಿಗ್ರಾಂ ಇಜಿಸಿಜಿ ದೊರೆಯುತ್ತದೆ, ಅದು ಸುರಕ್ಷಿತ. ಮಾತ್ರೆಗಳ ಮೂಲಕ 800 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದಾಗ ಯಕೃತ್ತಿಗೆ ತೊಂದರೆಯಾಗುತ್ತಿರುವ ಸೂಚನೆಗಳನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಗುರುತಿಸಿತು. 2022ರಲ್ಲಿ ಯುರೋಪಿಯನ್ ಒಕ್ಕೂಟ ಈ ಬಗ್ಗೆ ಮಿತಿಯನ್ನೂ ವಿಧಿಸಿತು. ಖಾಲಿ ಹೊಟ್ಟೆಯಲ್ಲಿ ಇಂಥ ಮಾತ್ರೆ ನುಂಗುವುದು ಇನ್ನಷ್ಟು ಅಪಾಯಕರ. ಸೇವಿಸುತ್ತಿರುವವರಿಗೆ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ತಕ್ಷಣ ಮಾತ್ರೆ ನಿಲ್ಲಿಸಿ ವೈದ್ಯರಿಗೆ ಡಬ್ಬಿಯ ಸಮೇತ ತೋರಿಸಬೇಕು.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವ ಹಿರಿಯರು ಹಸಿರು ಚಹಾವನ್ನು ಹಠಾತ್ತನೆ ಹೆಚ್ಚಿಸಕೂಡದು. ಎಲೆಯಲ್ಲಿನ ವಿಟಮಿನ್ ಕೆ ಔಷಧದ ಪ್ರಭಾವವನ್ನು ತಗ್ಗಿಸಬಲ್ಲುದು. ಎಲೆಯನ್ನೇ ಪುಡಿ ಮಾಡಿ ಕುಡಿಯುವ ಮಾಚಾದಲ್ಲಿ ಈ ಚಿಂತೆ ಹೆಚ್ಚು. ರಕ್ತದೊತ್ತಡಕ್ಕೆ ಕೊಡುವ ನಾಡೋಲಾಲ್ ಎಂಬ ಔಷಧ ಹಸಿರು ಚಹಾದೊಂದಿಗೆ ಸೇವಿಸಿದಾಗ ರಕ್ತಕ್ಕೆ ಸೇರುವುದೇ ಬಹಳ ಕಡಿಮೆಯಾಗುತ್ತದೆ ಎಂದು ಜಪಾನಿನ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ. ಗರ್ಭಿಣಿಯರು ಚಹಾ, ಕಾಫಿ ಎಲ್ಲ ಸೇರಿ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರಬಾರದು. ಆಮ್ಲಪಿತ್ತದ ತೊಂದರೆಯುಳ್ಳವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯದಿರುವುದು ಲೇಸು.

ಉಳಿದ ಆರೋಗ್ಯವಂತರಿಗೆ ದಿನಕ್ಕೆ ಎರಡು ಮೂರು ಬಟ್ಟಲು ಸಾಕು: ಬೆಳಗಿನ ಉಪಾಹಾರವಾದ ಗಂಟೆ ಕಳೆದು ಒಂದು, ಇಳಿಹೊತ್ತು ನಾಲ್ಕರ ಸುಮಾರಿಗೆ ಇನ್ನೊಂದು. ಕೊಳ್ಳುವಾಗ ಪೊಟ್ಟಣದ ಹಿಂಬದಿಯ ಘಟಕಗಳ ಪಟ್ಟಿಯನ್ನೊಮ್ಮೆ ಓದಿ. ತುಳಸಿ, ಶುಂಠಿ, ನಿಂಬೆಯ ಪರಿಮಳಗಳ ನಡುವೆ ಹಸಿರು ಚಹಾ ಎಷ್ಟಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಮುಂಬಯಿಯ ಮಳೆಗಾಲದ ತೇವಕ್ಕೆ ಎಲೆ ಬೇಗ ಮುಗ್ಗುವುದರಿಂದ ಸಣ್ಣ ಪೊಟ್ಟಣ ತಂದು, ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಮಸಾಲೆ ಡಬ್ಬಿಗಳಿಂದ ದೂರದಲ್ಲಿಡಿ. ಇಂಗಿನ ವಾಸನೆಯನ್ನು ಹಸಿರು ಚಹಾ ಬಹುಬೇಗ ಹೀರಿಕೊಳ್ಳುತ್ತದೆ.