ನಂದಗಡದ ಆಲದ ನೆರಳು

1831ರ ಜನವರಿ 26ರಂದು ಖಾನಾಪುರ ಸೀಮೆಯ ನಂದಗಡದಲ್ಲಿ ಕಂಪನಿ ಸರ್ಕಾರ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿತು. ಅವನ ಸಮಾಧಿಯ ಬಳಿಯ ಆಲಕ್ಕೆ ಸಂತಾನದ ಹರಕೆ ಹೊತ್ತವರು ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಆ ಮಣ್ಣು ಯಾವ ರಾಜ್ಯದ್ದೆಂಬ ಪ್ರಶ್ನೆ ಮುಂದೊಂದು ದಿನ ಏಳುವುದೆಂದು ಅಂದು ಯಾರು ನೆನೆದಾರು?

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂತು; ಚಂದಗಡ ತಾಲ್ಲೂಕೊಂದು ಅತ್ತಲೇ ಉಳಿಯಿತು. ಬೆಳಗಾವಿ ಪೇಟೆಯಲ್ಲೂ ಖಾನಾಪುರದ ಹಳ್ಳಿಗಳಲ್ಲೂ ಇದ್ದ ಮರಾಠಿಗರು ಮಹಾರಾಷ್ಟ್ರ ಏಕೀಕರಣ ಸಮಿತಿಯ ಬೆನ್ನಿಗೆ ನಿಂತರು. ಈ ಸೀಮೆ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಅವರ ಹಟ ಎಷ್ಟೇ ಬಿಗಿಯಾಗಿದ್ದರೂ ಭಾರತವನ್ನು ಬಿಡುವ ಮಾತು ಅದರಲ್ಲಿ ಇರಲಿಲ್ಲ. ಒಂದೇ ಮನೆಯ ಅಂಗಳದಲ್ಲಿ ಬೇಲಿ ಎಲ್ಲಿರಬೇಕೆಂಬ ವ್ಯಾಜ್ಯ ಅದು.

ಮನೆಯನ್ನೇ ತೊರೆಯುವ ಬಾಗಿಲನ್ನು ಅಂಬೇಡ್ಕರರು 1948ರ ನವೆಂಬರ್ 4ರಂದೇ ಮುಚ್ಚಿದ್ದರು. ರಾಜ್ಯಗಳು ಕರಾರು ಮಾಡಿಕೊಂಡು ಕಟ್ಟಿದ ಒಕ್ಕೂಟ ಇದಲ್ಲ, ಆದ್ದರಿಂದ ಬಿಟ್ಟುಹೋಗುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲವೆಂದು ಸಂವಿಧಾನ ಸಭೆಗೆ ತಿಳಿಸಿದರು. ಇದನ್ನು ಇತ್ಯರ್ಥ ಮಾಡಲು ಅಮೆರಿಕ ಅಂತರ್ಯುದ್ಧವನ್ನೇ ಹೂಡಬೇಕಾಯಿತೆಂದು ನೆನಪಿಸಿದರು. ಆದರೆ ಎಲ್ಲೆಗಳ ಬೇಲಿ ಕಿತ್ತು ನೆಡುವ ಅಧಿಕಾರ 3ನೇ ವಿಧಿಯಿಂದ ಸಂಸತ್ತಿಗೆ ದಕ್ಕಿತು. ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು; ಒಪ್ಪಿಗೆ ಬೇಕಿಲ್ಲ. 1963ರ 16ನೇ ತಿದ್ದುಪಡಿ ದೇಶದ ಅಖಂಡತೆಯನ್ನು ಶಾಸಕರ ಪ್ರಮಾಣವಚನಕ್ಕೇ ಸೇರಿಸಿತು. ಗಡಿ ಬದಲಾಗಲೆಂದು ಗೆದ್ದು ಬಂದ ಸಮಿತಿಯ ಶಾಸಕರೂ ಆ ಪ್ರಮಾಣ ಸ್ವೀಕರಿಸಿಯೇ ಸದನದಲ್ಲಿ ಕೂತರು. ಈ ಸೀಮೆಯ ಪುಣ್ಯವೆಂದು ನಾನು ಎಣಿಸುವುದು ಇದನ್ನೇ.

ಈ ಗಡಿ ವ್ಯಾಜ್ಯ ಬಗೆಹರಿಸಲು 1966ರ ಅಕ್ಟೋಬರಿನಲ್ಲಿ ಕೇಂದ್ರವು ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಆಯೋಗ ನೇಮಿಸಿತು. 1947ರಲ್ಲಿ ಕಾಶ್ಮೀರ ಭಾರತಕ್ಕೆ ಸೇರಿದಾಗ ಅಲ್ಲಿನ ಪ್ರಧಾನಿಯಾಗಿದ್ದವರು ಇವರೇ. ಒಂದು ಸಂಸ್ಥಾನವೇ ಒಕ್ಕೂಟದೊಳಗೆ ಬಂದುದನ್ನು ಕಂಡವರು ಈಗ ಹಳ್ಳಿ ಹಳ್ಳಿಯ ಲೆಕ್ಕಕ್ಕೆ ಕೂತರು. 1967ರ ಆಗಸ್ಟಿನಲ್ಲಿ ವರದಿ ಬಂತು. ಬೆಳಗಾವಿ ನಗರ ಮೈಸೂರಿನಲ್ಲೇ ಉಳಿಯಲಿ; 264 ಊರುಗಳು ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆಯೂ ಸೇರಿ 247 ಊರುಗಳು ಮೈಸೂರಿಗೆ ಹೋಗಲಿ ಎಂದಿತು. ಆ 264ರಲ್ಲಿ ನಿಪ್ಪಾಣಿ ಇತ್ತು, ಖಾನಾಪುರ ಇತ್ತು. ರಾಯಣ್ಣನ ನಂದಗಡವೂ ಇತ್ತು. ಕನ್ನಡಿಗನಾಗಿ ಆ ಸಾಲು ಓದುವಾಗ ನನ್ನ ಎದೆ ಇಂದಿಗೂ ಭಾರವಾಗುತ್ತದೆ. ಬೆಳಗಾವಿ ಕೈತಪ್ಪಿದ ಮರಾಠಿಗನ ಎದೆಯೂ ಹಾಗೆಯೇ ಭಾರವಾಗಿದ್ದೀತು.

ಮಹಾರಾಷ್ಟ್ರ ವರದಿಯನ್ನು ತಳ್ಳಿಹಾಕಿತು. ಅದನ್ನು ಜಾರಿಗೆ ತರುವ ಕಾನೂನನ್ನು ಸಂಸತ್ತು ಮಾಡಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಇದೇ ಗಡಿಯ ಕುರಿತು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ನಂದಗಡ ಖಾನಾಪುರ ತಾಲ್ಲೂಕಿನಲ್ಲೇ, ಖಾನಾಪುರ ಬೆಳಗಾವಿ ಜಿಲ್ಲೆಯಲ್ಲೇ ಉಳಿದವು.