ಹಾಯಿದೋಣಿಯ ಸಂಡಾಸ: ನೀರಿಗೆ ಬಿಡುವುದರಿಂದ ಕೂಡಿಡುವವರೆಗೆ

ಅಥಣಿ ತಾಲೂಕಿನ ಸತ್ತಿಯಂಥ ಕೃಷ್ಣಾ ತೀರದ ಊರುಗಳಿಗೆ ದೋಣಿ ಹೊಸದೇನಲ್ಲ. ಹೊಳೆ ದಾಟಲು ಹಿಡಿಯುವುದು ಕೆಲವೇ ನಿಮಿಷ. ಹೀಗಾಗಿ ದೋಣಿಯಲ್ಲಿ ಶೌಚದ ಏರ್ಪಾಡು ಬೇಕೆಂಬ ಮಾತೇ ಅಲ್ಲಿ ಹುಟ್ಟುವುದಿಲ್ಲ. ಆದರೆ ದೋಣಿಯಲ್ಲೇ ಉಂಡು, ಮಲಗಿ, ದಿನಗಟ್ಟಲೆ ಸಾಗುವ ಸಣ್ಣ ಹಾಯಿದೋಣಿಯವರಿಗೆ ಇದು ಹಾಯಿ, ಚುಕ್ಕಾಣಿಗಳಷ್ಟೇ ಮುಖ್ಯ ಸಂಗತಿ. ಹೊಲಸನ್ನು ಎಲ್ಲಿ ಇಡಬೇಕು, ಎಷ್ಟು ದಿನ ಇಡಬೇಕು, ಎಲ್ಲಿ ಬರಿದು ಮಾಡಬೇಕು? ಶತಮಾನಗಳ ಕಾಲ ಈ ಪ್ರಶ್ನೆಗಳಿಗೆಲ್ಲ ಇದ್ದದ್ದು ಒಂದೇ ಉತ್ತರ: ನೀರಿಗೆ ಬಿಡುವುದು.

ಯುರೋಪಿನ ದೊಡ್ಡ ಹಾಯಿಹಡಗುಗಳಲ್ಲಿ ನಾವಿಕರ ಶೌಚದ ಜಾಗ ಮೂತಿಯ ತುದಿಯಲ್ಲಿತ್ತು. ರಂಧ್ರವಿದ್ದ ಹಲಗೆ, ಕೆಳಗೆ ಕಡಲು. ಗಾಳಿ ಸಾಮಾನ್ಯವಾಗಿ ಹಿಂದಿನಿಂದ ಬೀಸುತ್ತಿದ್ದುದರಿಂದ ವಾಸನೆ ಮುಂದಕ್ಕೇ ಹೋಗುತ್ತಿತ್ತು. ಅಪ್ಪಳಿಸುವ ತೆರೆಗಳು ಜಾಗವನ್ನು ತೊಳೆಯುತ್ತಿದ್ದವು. ಇಂಗ್ಲಿಷ್ ನಾವಿಕರು ಇಂದಿಗೂ ಹಡಗಿನ ಪಾಯಖಾನೆಯನ್ನು ‘ಹೆಡ್’, ಅಂದರೆ ತಲೆ, ಎಂದು ಕರೆಯುವುದು ಇದರಿಂದಲೇ. ಸಣ್ಣ ದೋಣಿಯವರಿಗೆ ಬಕೆಟ್ಟೇ ಗತಿ.

ಹರಿಯುವ ನೀರು ಎಲ್ಲವನ್ನೂ ಶುದ್ಧಗೊಳಿಸುತ್ತದೆ ಎಂಬ ನಂಬಿಕೆಗೆ 19ನೇ ಶತಮಾನದಲ್ಲಿ ಬಲವಾದ ಪೆಟ್ಟು ಬಿತ್ತು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ, ಬ್ರಾಡ್ ಬೀದಿಯ ಒಂದು ಪಂಪಿನ ನೀರಿಗೂ ಆ ಭಾಗದ ಕಾಲರಾಕ್ಕೂ ಸಂಬಂಧವಿದೆಯೆಂದು ತೋರಿಸಿದ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ವಾಸನೆ ಸಂಸತ್ತಿನ ಕಲಾಪಕ್ಕೇ ತೊಡಕಾಯಿತು. ಒಬ್ಬರು ಹೊಳೆಗೆ ಬಿಟ್ಟದ್ದನ್ನು ಕೆಳಗಿನ ಊರಿನ ಇನ್ನೊಬ್ಬರು ಕುಡಿಯುತ್ತಾರೆ ಎಂಬ ಸರಳ ಸತ್ಯ ನಗರಗಳಿಗೆ ಅರಿವಾಯಿತು. ದೋಣಿಗಳವರೆಗೆ ಅದು ತಲುಪಲು ಮತ್ತೆ ನೂರು ವರ್ಷ ಹಿಡಿಯಿತು.

1972ರಲ್ಲಿ ಅಮೆರಿಕ ತನ್ನ ಶುದ್ಧ ಜಲ ಕಾಯ್ದೆಯಡಿ ದೋಣಿಗಳ ಶೌಚ ಸಾಧನಗಳನ್ನೂ ನಿಯಂತ್ರಣಕ್ಕೆ ತಂದಿತು. ಹಡಗುಗಳ ಮಾಲಿನ್ಯ ತಡೆಯುವ ‘ಮಾರ್ಪೋಲ್’ ಒಪ್ಪಂದ ರೂಪುಗೊಂಡದ್ದು 1973ರಲ್ಲಿ. ಮಲಮೂತ್ರಕ್ಕೆ ಸಂಬಂಧಿಸಿದ ಅದರ ಭಾಗ ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಅದರಂತೆ, ಸಂಸ್ಕರಿಸದ ಹೊಲಸನ್ನು ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ದಾಟುವವರೆಗೆ ಬಿಡುವಂತಿಲ್ಲ. ಇದು ದೊಡ್ಡ ಹಡಗುಗಳಿಗಾಗಿ ಮಾಡಿದ ನಿಯಮ. ಸಣ್ಣ ದೋಣಿಗಳ ಬಗ್ಗೆ ಆಯಾ ದೇಶವೇ ಕ್ರಮ ಕೈಗೊಳ್ಳಬೇಕು. ಸ್ವೀಡನ್ 2015ರಿಂದ ವಿಹಾರದ ದೋಣಿಗಳಿಗೂ ನಿಷೇಧ ವಿಧಿಸಿತು.

ಹೀಗೆ ಕೂಡಿಡುವುದು ಅನಿವಾರ್ಯವಾದಾಗ ಸಣ್ಣ ದೋಣಿಗೆ ಮೂರು ದಾರಿಗಳು ಉಳಿದವು. ಮೊದಲನೆಯದು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಸಂಡಾಸ. ಮೇಲೆ ಸ್ವಚ್ಛ ನೀರು, ಕೆಳಗೆ ಹೊಲಸಿನ ಡಬ್ಬ, ಎರಡನ್ನೂ ಬಿಡಿಸಬಹುದು. ಬೆಲೆ ಕಡಿಮೆ, ಹಲಗೆ ಕೊರೆಯುವ ಕೆಲಸವಿಲ್ಲ. ಆದರೆ ಲೆಕ್ಕ ಹಾಕಿ ನೋಡಬೇಕು: ಒಬ್ಬನ ಮೂತ್ರವೇ ದಿನಕ್ಕೆ ಸುಮಾರು ಒಂದೂವರೆ ಲೀಟರ್. ತೊಳೆಯುವ ನೀರೂ ಸೇರಿದರೆ 20 ಲೀಟರಿನ ಡಬ್ಬ ಇಬ್ಬರಿಗೆ ಎರಡು ದಿನಕ್ಕೇ ತುಂಬುತ್ತದೆ. ತುಂಬಿದ 20 ಕಿಲೋ ಡಬ್ಬವನ್ನು ತೂಗಾಡುವ ದೋಣಿಯಿಂದ ಇಳಿಸುವುದು ಸುಲಭವಲ್ಲ.

ಎರಡನೆಯದು ದೋಣಿಯೊಳಗೇ ಕೂರಿಸಿದ ಟ್ಯಾಂಕು. ಹೆಚ್ಚು ದಿನ ಸಾಕಾಗುತ್ತದೆ, ಭಾರವೂ ಹೆಚ್ಚು. ದೋಣಿ ಒಂದು ಕಡೆ ವಾಲದಂತೆ ಅದನ್ನು ಆದಷ್ಟು ಕೆಳಗೆ, ನಡುಭಾಗದಲ್ಲಿ ಇಡಬೇಕು. ಮೂತ್ರ ಲೋಹವನ್ನು ತಿನ್ನುವುದರಿಂದ ದಪ್ಪ ಪ್ಲಾಸ್ಟಿಕ್ಕೇ ಮೇಲು. ಗಾಳಿ ಆಡುವ ಕೊಳವೆ ಅಗಲವಾಗಿರಬೇಕು. ಗಾಳಿ ಸಿಗದಿದ್ದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟುತ್ತದೆ. ಮೂರನೆಯದು ಮಲ, ಮೂತ್ರಗಳನ್ನು ಬೇರೆ ಮಾಡಿ, ಮಲವನ್ನು ತೆಂಗಿನ ನಾರಿನ ಪುಡಿಯಂಥ ಒಣ ಪದಾರ್ಥದಲ್ಲಿ ಇಡುವುದು. ಇದಕ್ಕೆ ತೊಳೆಯುವ ನೀರು ಬೇಡ, ವಾಸನೆಯೂ ಕಡಿಮೆ. ಆದರೆ ಕೆಲವು ದಿನಗಳ ಪ್ರಯಾಣದಲ್ಲಿ ಮಲ ಗೊಬ್ಬರವಾಗಿಬಿಡುವುದಿಲ್ಲ. ಅದನ್ನೂ ದಡದಲ್ಲಿ ಜಾಗರೂಕತೆಯಿಂದಲೇ ವಿಲೇವಾರಿ ಮಾಡಬೇಕು. ಒಂದೆರಡು ದಿನದ ಪ್ರಯಾಣಕ್ಕೆ ಮೊದಲನೆಯದು, ವಾರಗಟ್ಟಲೆ ಸಾಗುವವರಿಗೆ ಉಳಿದ ಎರಡರಲ್ಲೊಂದು ಸೂಕ್ತ.

ಇದೆಲ್ಲ ಪರದೇಶದ ವಿಹಾರಿಗಳ ಚಿಂತೆಯೆಂದು ಗಡಿನಾಡಿನವರು ತಳ್ಳಿಹಾಕುವಂತಿಲ್ಲ. ಇದೇ ಪ್ರಶ್ನೆ ಇಲ್ಲಿ ರೈಲಿನ ರೂಪದಲ್ಲಿ ಬಂದಿತ್ತು. ಬೋಗಿಗಳ ಸಂಡಾಸ ನೇರವಾಗಿ ಹಳಿಯ ಮೇಲೆ ತೆರೆದುಕೊಳ್ಳುತ್ತಿದ್ದ ಕಾಲದಲ್ಲಿ, ಕುಡಚಿ ಮತ್ತು ಉಗಾರ ನಡುವಿನ ಸೇತುವೆಯ ಮೇಲೆ ಬಿದ್ದದ್ದು ಕೃಷ್ಣೆಯ ಪಾಲಾಗುತ್ತಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆಯ ನೆರವಿನಿಂದ ರೈಲ್ವೆ 2011ರಲ್ಲಿ ಜೈವಿಕ ಶೌಚಾಲಯಗಳನ್ನು ಅಳವಡಿಸಲು ಆರಂಭಿಸಿತು. ಬೋಗಿಯ ಅಡಿಯ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ಮಲವನ್ನು ಕರಗಿಸುತ್ತವೆ. ದೋಣಿಗಳ ವಿಷಯದಲ್ಲಿ, 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ನೌಕಾ ಕಾಯ್ದೆಯಲ್ಲಿ ಯಂತ್ರಚಾಲಿತ ನೌಕೆಗಳ ಮಾಲಿನ್ಯ ತಡೆಗೆ ಪ್ರತ್ಯೇಕ ಅಧ್ಯಾಯವೇ ಇದೆ.

ಕೃಷ್ಣೆಯ ಸ್ವರೂಪವೂ ಬದಲಾಗಿದೆ. 1989ರಲ್ಲಿ ರೈತರೇ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಕೊಂಡರು; ಆಮೇಲೆ ಅದಕ್ಕೂ ಮೇಲ್ಗಡೆ ಹಿಪ್ಪರಗಿಯ ಬ್ಯಾರೇಜು ಬಂತು. ಬೇಸಿಗೆಯಲ್ಲಿ ಬತ್ತುತ್ತಿದ್ದ ಹೊಳೆಯಲ್ಲಿ ನೀರು ನಿಂತಿತು, ಬೆಳೆಗೂ ಬಾಯಿಗೂ ಆಸರೆಯಾಯಿತು. ಆದರೆ ನಿಂತ ನೀರು ಹೊಲಸನ್ನು ಸಾಗಿಸದು. ನಾಳೆ ಈ ಹಿನ್ನೀರಿನಲ್ಲಿ ಜನ ರಾತ್ರಿ ತಂಗುವ ದೋಣಿಗಳು ಬಂದರೆ ಟ್ಯಾಂಕು ಎಂಥದ್ದಿರಬೇಕೆಂದು ಕೇಳುವುದಕ್ಕಿಂತ ಮೊದಲು, ಅದನ್ನು ಬರಿದು ಮಾಡುವ ವ್ಯವಸ್ಥೆ ದಡದ ಯಾವ ಊರಿನಲ್ಲಿದೆ ಎಂದು ಕೇಳಬೇಕಾಗುತ್ತದೆ. ಆ ವ್ಯವಸ್ಥೆ ಇಲ್ಲದಿದ್ದರೆ ಎಷ್ಟು ಒಳ್ಳೆಯ ಟ್ಯಾಂಕಾದರೂ ಕೊನೆಗೆ ಹೊಳೆಗೇ ಬರಿದಾಗುತ್ತದೆ.